ಊರಿಗೆ ಬಂದ ನಾಟಕದ ಬಂಡಿ ಬರಿಗೈಲಿ ಹೋಗಬಾರದು!



ನವೆಂಬರ್ ಬಂತೆಂದರೆ ನಮ್ಮ ನಾಡಿಗೆ ಜ್ವರ ಬಂದ ಹಾಗೆ ಅಭಿಮಾನ ಏರುತ್ತದೆ. ಸರ್ಕಲ್ಲಿಗೊಂದು ಬಾವುಟ, ಬೀದಿಗೊಂದು ಆರ್ಕೆಸ್ಟ್ರಾ, ವೇದಿಕೆಗೊಬ್ಬ ಮಂತ್ರಿ, ರಾಶಿ ರಾಶಿ ಶಾಲು, ಗಂಧದ ಹಾರ. ಇದೆಲ್ಲ ಬೇಡವೆಂದು ನಾವು ಹೇಳುತ್ತಿಲ್ಲ. 1956ರ ನವೆಂಬರ್ 1 ಯಾರೋ ದಾನ ಕೊಟ್ಟ ದಿನವಲ್ಲ. ಹೋರಾಡಿ ಪಡೆದ ದಿನ. ಅದು ಹಬ್ಬವಾಗಲೇಬೇಕು.

ಆದರೆ ಅದೇ ನವೆಂಬರಿನಲ್ಲಿ ನಮ್ಮ ರಸ್ತೆಗಳಲ್ಲಿ ಇನ್ನೊಂದು ಬಂಡಿ ಓಡಾಡುತ್ತಿರುತ್ತದೆ. ಅದರೊಳಗೆ ಒಂದಷ್ಟು ಹುಡುಗ ಹುಡುಗಿಯರು, ಮರದ ಹಲಗೆ, ಪರದೆ, ಬಣ್ಣದ ಪೆಟ್ಟಿಗೆ, ದೀಪ, ಹಾರ್ಮೋನಿಯಂ. ಅದಕ್ಕೆ ಮೈಕಿಲ್ಲ, ಘೋಷಣೆಯಿಲ್ಲ. ಅದು ಬಂದ ಊರಿನಲ್ಲಿ ಸಂಜೆ ಎರಡು ಗಂಟೆ ಕಾಲ ಮುನ್ನೂರು ಜನ ಮೊಬೈಲು ಮುಚ್ಚಿಟ್ಟು ಒಂದೇ ಸಮನೆ ಕನ್ನಡ ಕೇಳುತ್ತಾರೆ. ಇಂಗ್ಲಿಷಿನ ಕಲಬೆರಕೆಯಿಲ್ಲದ, ನಾಲಗೆ ತಡವರಿಸದ, ಉಸಿರು ತುಂಬಿದ ಕನ್ನಡ! ಆ ಬಂಡಿ ಹೋದ ವರ್ಷ ನಿಮ್ಮ ಊರಿಗೆ ಬಂದಿತ್ತೇ? ಬಂದಿದ್ದರೆ ಅಲ್ಲಿ ನಮ್ಮ ಕನ್ನಡ ಸಂಘಟನೆಗಳ ಎಷ್ಟು ಜನ ಕುಳಿತಿದ್ದರು? ಈ ವಾರದ ಮಾತು ಇದೇ.

ಹೆಗ್ಗೋಡಿನ ತಿರುಗಾಟ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನಲ್ಲಿ ಹೆಗ್ಗೋಡು ಎಂಬ ಹಳ್ಳಿ. ಸುತ್ತ ಅಡಿಕೆ ತೋಟ. ಅಲ್ಲಿ 1949ರಲ್ಲಿ ಊರಿನ ಹತ್ತು ಜನ ಸೇರಿ ನಾಟಕದ ಹುಚ್ಚಿಗೆಂದು ಕಟ್ಟಿಕೊಂಡ ಸಂಘ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಅದೇ ನೀನಾಸಂ. ಅದನ್ನು ಬೆಳೆಸಿದವರು ಕೆ.ವಿ. ಸುಬ್ಬಣ್ಣ. ಅವರು ಊರು ಬಿಟ್ಟು ಬೆಂಗಳೂರಿಗೆ ಬಂದು ಕುಳಿತವರಲ್ಲ. ಊರಲ್ಲೇ ಇದ್ದರು, ಅಡಿಕೆ ಬೆಳೆದರು, ಅಕ್ಷರ ಪ್ರಕಾಶನ ನಡೆಸಿದರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. 1980ರಲ್ಲಿ ನಾಟಕ ಕಲಿಸುವ ಶಾಲೆ ಶುರುವಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಸಂಘ ನಿಲ್ಲಲಿಲ್ಲ.

1985ರಲ್ಲಿ ನೀನಾಸಂ ಒಂದು ಸಂಚಾರಿ ತಂಡ ಕಟ್ಟಿ ಅದಕ್ಕೆ 'ತಿರುಗಾಟ' ಎಂದು ಹೆಸರಿಟ್ಟಿತು. ಆ ಹೆಸರೇ ನಮ್ಮ ಮಣ್ಣಿನದು. ಕರಾವಳಿಯ ಯಕ್ಷಗಾನ ಮೇಳಗಳು ಮಳೆ ನಿಂತ ಮೇಲೆ ಗೆಜ್ಜೆ ಕಟ್ಟಿ ಹೊರಟು, ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗಿನ ಸಂಚಾರಕ್ಕೆ ತಿರುಗಾಟ ಎನ್ನುತ್ತಾರೆ. ಆಧುನಿಕ ನಾಟಕವೆಂದರೆ ಬೆಂಗಳೂರಿನ ಕಲಾಕ್ಷೇತ್ರಕ್ಕೆ ಕಾರಿನಲ್ಲಿ ಬರುವವರ ಸ್ವತ್ತು ಎಂದುಕೊಂಡಿದ್ದ ಕಾಲದಲ್ಲಿ ಅದನ್ನು ಮೇಳದ ಹಾಗೆ ಊರೂರಿಗೆ ಹೊತ್ತುಕೊಂಡು ಹೋಗಬಹುದೆಂದು ತೋರಿಸಿದವರು ಇವರು.

ಒಂದು ವರ್ಷದ ದುಡಿಮೆ

ಈ ತಂಡದ ಒಂದು ವರ್ಷ ಹೇಗಿರುತ್ತದೆ ಎಂಬುದು ನಮ್ಮವರಿಗೆ ಗೊತ್ತಿರಬೇಕು. ಗೊತ್ತಾದರೆ ಇನ್ನೊಮ್ಮೆ ಪುಕ್ಕಟೆ ಪಾಸು ಕೇಳಲು ನಾಚಿಕೆಯಾದೀತು.

ಮಳೆಗಾಲದಲ್ಲಿ ತಂಡ ಕೂಡುತ್ತದೆ. ಬಹುಪಾಲು ಕಲಾವಿದರು ನಾಟಕ ಶಾಲೆಯಲ್ಲಿ ಕಲಿತ ಮಕ್ಕಳು. ಬೇರೆ ಬೇರೆ ಜಿಲ್ಲೆಯವರು, ಬೇರೆ ಬೇರೆ ಜಾತಿಯವರು. ಒಬ್ಬನ ಬಾಯಲ್ಲಿ ಧಾರವಾಡದ ಕನ್ನಡ, ಇನ್ನೊಬ್ಬಳ ಬಾಯಲ್ಲಿ ಚಾಮರಾಜನಗರದ ಕನ್ನಡ. ಮಲೆನಾಡಿನ ಮಳೆ ಹೊರಗೆ ಹೊಯ್ಯುತ್ತಿರುವಾಗ ಒಳಗೆ ಎರಡು ಮೂರು ನಾಟಕಗಳ ತಾಲೀಮು ನಡೆಯುತ್ತದೆ. ಸಂಭಾಷಣೆ ಬಾಯಿಗೆ ಬರಬೇಕು, ಹಾಡು ಗಂಟಲಿಗೆ ಬರಬೇಕು, ಉಡುಪು ಹೊಲಿಯಬೇಕು, ಬಿಚ್ಚಿ ಜೋಡಿಸುವಂಥ ರಂಗಸಜ್ಜಿಕೆ ಮಾಡಬೇಕು. ಅಕ್ಟೋಬರಿನಲ್ಲಿ ಹೆಗ್ಗೋಡಿನ ಸಂಸ್ಕೃತಿ ಶಿಬಿರದ ಹೊತ್ತಿಗೆ ನಾಟಕ ಸಿದ್ಧ. ಅಲ್ಲಿಂದ ಬಂಡಿ ಹೊರಡುತ್ತದೆ. ಬೇಸಿಗೆ ಬರುವವರೆಗೆ ಸಂಚಾರ. ಒಂದು ತಿರುಗಾಟದಲ್ಲಿ ನೂರಕ್ಕೂ ಹೆಚ್ಚು ಪ್ರದರ್ಶನ.

ಪ್ರದರ್ಶನದ ದಿನದ ಕೆಲಸ ನೋಡಿ. ಬೆಳಿಗ್ಗೆ ಊರಿಗೆ ಬಂದು ಸಾಮಾನು ಇಳಿಸಬೇಕು. ಇಳಿಸುವವರು ಕೂಲಿಯವರಲ್ಲ, ಸಂಜೆ ರಾಜನ ಪಾತ್ರ ಮಾಡುವವನೇ ಬೆಳಿಗ್ಗೆ ಹಲಗೆ ಹೊರುತ್ತಾನೆ. ರಾಣಿಯ ಪಾತ್ರ ಮಾಡುವವಳೇ ಉಡುಪಿಗೆ ಇಸ್ತ್ರಿ ಹಾಕುತ್ತಾಳೆ. ದೀಪ ಕಟ್ಟಬೇಕು, ವೈರು ಎಳೆಯಬೇಕು. ಸಂಜೆ ಬಣ್ಣ ಹಚ್ಚಬೇಕು. ಆಟ ಮುಗಿದ ಮೇಲೆ ಜನ ಮನೆಗೆ ಹೋಗಿ ಊಟ ಮಾಡುವ ಹೊತ್ತಿಗೆ ಇವರು ಪರದೆ ಮಡಚಿ ಬಂಡಿಗೆ ತುಂಬುತ್ತಿರುತ್ತಾರೆ. ಮರುದಿನ ಇನ್ನೊಂದು ಊರು. ಎಲ್ಲೋ ಶಾಲೆಯ ಕೊಠಡಿಯಲ್ಲಿ, ಎಲ್ಲೋ ಛತ್ರದ ಜಮಖಾನದ ಮೇಲೆ ನಿದ್ದೆ. ಹೀಗೆ ತಿಂಗಳುಗಟ್ಟಲೆ. ಇದು ಕನ್ನಡದ ಕೆಲಸವಲ್ಲದಿದ್ದರೆ ಯಾವುದು ಕನ್ನಡದ ಕೆಲಸ?

ಈ ದಾರಿಯಲ್ಲಿ ಹೆಗ್ಗೋಡಿನವರು ಒಬ್ಬರೇ ಇಲ್ಲ. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮಿಗಳು 1997ರಲ್ಲಿ 'ಶಿವಸಂಚಾರ' ಎಂಬ ತಂಡ ಕಟ್ಟಿ ಊರೂರಿಗೆ ಕಳಿಸಿದರು. ಮೈಸೂರಿನಲ್ಲಿ ಸರ್ಕಾರವೇ 1989ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ರಂಗಾಯಣ ಶುರು ಮಾಡಿಸಿತು. ಆಮೇಲೆ ಧಾರವಾಡ, ಶಿವಮೊಗ್ಗ, ಕಲಬುರಗಿಗೂ ರಂಗಾಯಣ ಬಂತು. 2010ರಲ್ಲಿ ಮೈಸೂರು ರಂಗಾಯಣ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ರಾತ್ರಿಯಿಡೀ ನಾಟಕವಾಗಿ ಆಡಿದಾಗ ಜನ ಬೆಳಗಿನ ಜಾವದವರೆಗೆ ಕುಳಿತು ನೋಡಿದರು. ಒಳ್ಳೆಯದು ಕೊಟ್ಟರೆ ಕನ್ನಡಿಗ ನೋಡುವುದಿಲ್ಲ ಎಂಬ ಮಾತು ಶುದ್ಧ ಸುಳ್ಳು!

ಹೋರಾಟಕ್ಕೂ ನಾಟಕಕ್ಕೂ ಏನು ಸಂಬಂಧ?

ನಮ್ಮ ಕಾರ್ಯಕರ್ತರಲ್ಲಿ ಕೆಲವರು ಕೇಳುತ್ತಾರೆ: 'ನಾಮಫಲಕಕ್ಕೆ ಹೋರಾಡೋಣ, ಉದ್ಯೋಗಕ್ಕೆ ಹೋರಾಡೋಣ, ನಾಟಕ ಗೀಟಕ ನಮಗ್ಯಾಕೆ ಸ್ವಾಮಿ?' ಇತಿಹಾಸ ಗೊತ್ತಿಲ್ಲದವರ ಪ್ರಶ್ನೆ ಇದು.

1840ರ ದಶಕದ ಆರಂಭದಲ್ಲಿ ಹೊನ್ನಾವರದ ಕಡೆಯ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ಕಂಡ ಸಾಂಗ್ಲಿಯ ದೊರೆ ನಮ್ಮ ಭಾಷೆಯಲ್ಲೂ ಇಂಥದ್ದು ಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದ. 1843ರಲ್ಲಿ ಭಾವೆಯವರ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿಯ ಚರಿತ್ರೆ ಅಲ್ಲಿಂದ ಶುರು. ಬೀಜ ಹೋದದ್ದು ನಮ್ಮ ಕರಾವಳಿಯಿಂದ!

ಆಮೇಲೆ ಆದದ್ದೇನು? ಬೀಜ ಕೊಟ್ಟವರು ಬೆಳೆ ಬೆಳೆಯಲಿಲ್ಲ. ಮರಾಠಿ ಕಂಪನಿಗಳು ಬೆಳೆದು ನಮ್ಮ ಧಾರವಾಡ, ಗದಗ, ಬೆಳಗಾವಿ ಸೀಮೆಗೆ ಬಂದು ಡೇರೆ ಹಾಕಿದವು. ಕನ್ನಡದವರೇ ದುಡ್ಡು ಕೊಟ್ಟು ಮರಾಠಿ ನಾಟಕ ನೋಡುತ್ತಿದ್ದರು. ಕನ್ನಡದಲ್ಲಿ ನಾಟಕವಾಗುವುದುಂಟೇ ಎಂದು ಕೇಳುವ ಸ್ಥಿತಿ. ಆಗ ಒಬ್ಬ ಶಾಲಾ ಮಾಸ್ತರು ಎದ್ದು ನಿಂತರು. ಅವರೇ ಸಕ್ಕರಿ ಬಾಳಾಚಾರ್ಯ, ನಮ್ಮ ಶಾಂತಕವಿ. ಅವರು ಮರಾಠಿಯವರ ಡೇರೆಗೆ ಕಲ್ಲು ಹೊಡೆಯಲಿಲ್ಲ. 1870ರ ದಶಕದಲ್ಲಿ ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಕನ್ನಡದಲ್ಲೇ ನಾಟಕ ಬರೆದರು, ಆಡಿಸಿದರು. ಆ ಸೀಮೆಯಲ್ಲಿ ಕನ್ನಡ ಮತ್ತೆ ತಲೆಯೆತ್ತಿದ್ದರಲ್ಲಿ ಅವರ ಪಾಲು ಎಷ್ಟು ದೊಡ್ಡದು! ಮುಂದೆ ಬೆಳಗಾವಿ ಜಿಲ್ಲೆಯ ಏಣಗಿ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘ ಕಟ್ಟಿಕೊಂಡು ಗಡಿಯ ಊರುಗಳಲ್ಲಿ ಬಸವಣ್ಣನವರ ಪಾತ್ರ ಹಾಕಿ ನಿಂತರು. ನೂರು ವರ್ಷ ದಾಟಿ ಬದುಕಿದ ಆ ಹಿರಿಯ ಜೀವ 2017ರಲ್ಲಿ ಹೋಯಿತು. ಗಡಿಯಲ್ಲಿ ಕನ್ನಡ ಉಳಿಸಿದವರ ಪಟ್ಟಿ ಬರೆಯುವಾಗ ಬಾಳಪ್ಪನವರ ಹೆಸರು ಮರೆತರೆ ಅದು ಕೃತಘ್ನತೆ.

ಇನ್ನೊಂದು ಮಾತು. 1982ರ ಗೋಕಾಕ್ ಚಳವಳಿಗೆ ಊರಿಗೆ ಊರೇ ಬೀದಿಗಿಳಿದದ್ದು ಡಾ. ರಾಜಕುಮಾರ್ ಬಂದ ಮೇಲೆ. ಆ ಧ್ವನಿ, ಆ ಉಚ್ಚಾರಣೆ ಎಲ್ಲಿಂದ ಬಂತು? ಕಾಲೇಜಿನಿಂದಲೇ? ಅಲ್ಲ! ಮೇಷ್ಟ್ರ ಮುಂದೆ ಹೆಚ್ಚು ವರ್ಷ ಕೂರದ ಆ ಮಹಾನುಭಾವರು ಕನ್ನಡ ಕಲಿತದ್ದು ತಂದೆ ಪುಟ್ಟಸ್ವಾಮಯ್ಯನವರ ಜೊತೆ, ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ. ಊರೂರು ಕ್ಯಾಂಪ್ ಹಾಕುತ್ತಿದ್ದ ನಾಟಕ ಕಂಪನಿಯೇ ಅವರ ವಿಶ್ವವಿದ್ಯಾಲಯ. ನಮ್ಮ ಚಳವಳಿಯ ಕಂಠವನ್ನು ತಯಾರು ಮಾಡಿಕೊಟ್ಟದ್ದು ಸಂಚಾರಿ ರಂಗಭೂಮಿ. ಈ ಋಣ ನಮ್ಮ ತಲೆಯ ಮೇಲಿದೆ.

ಷೇಕ್ಸ್‌ಪಿಯರ್ ಕನ್ನಡದವನೇ?

ತಿರುಗಾಟದ ಮೇಲೆ ಇನ್ನೊಂದು ದೂರು: 'ಅವರು ಷೇಕ್ಸ್‌ಪಿಯರ್ ಆಡುತ್ತಾರೆ, ಸಂಸ್ಕೃತದ್ದು ಆಡುತ್ತಾರೆ, ಪರಭಾಷೆಯ ನಾಟಕ ಆಡುತ್ತಾರೆ. ಅದರಲ್ಲಿ ಕನ್ನಡ ಎಲ್ಲಿದೆ?'

ಬಾಯಲ್ಲಿದೆ ಸ್ವಾಮಿ, ಬಾಯಲ್ಲಿ! ಪರಭಾಷೆಯ ಸಿನಿಮಾ ಬಂದರೆ ನಾವು ಆ ಭಾಷೆ ಕಲಿಯಬೇಕಾಗುತ್ತದೆ. ಪರಭಾಷೆಯ ನಾಟಕ ಇವರ ಬಂಡಿ ಹತ್ತಿದರೆ ಅದೇ ಕನ್ನಡ ಕಲಿತು ಬರುತ್ತದೆ. ಡೆನ್ಮಾರ್ಕಿನ ರಾಜಕುಮಾರ ಶಿರಸಿಯಲ್ಲಿ ನಿಂತು ಕನ್ನಡದಲ್ಲಿ ಅತ್ತರೆ, ಕಾಳಿದಾಸನ ಶಕುಂತಲೆ ಹಾವೇರಿಯಲ್ಲಿ ನಿಂತು ಕನ್ನಡದಲ್ಲಿ ಕೇಳಿದರೆ, ಕನ್ನಡಕ್ಕೆ ಆಗದ ಮಾತಿಲ್ಲ ಎಂಬುದು ಅಲ್ಲಿ ಕುಳಿತ ಹತ್ತನೇ ಕ್ಲಾಸಿನ ಹುಡುಗನಿಗೆ ತಾನಾಗಿ ತಿಳಿಯುತ್ತದೆ. 'ಕನ್ನಡದಲ್ಲಿ ಏನಿದೆ?' ಎಂದು ಕಾನ್ವೆಂಟಿನವರು ಕೇಳಿದರೆ ಅವನ ಹತ್ತಿರ ಉತ್ತರವಿರುತ್ತದೆ. ನೂರು ಭಾಷಣ ಮಾಡಿದರೂ ಈ ಕೆಲಸ ಆಗದು.

ನಮ್ಮದೇ ನಾಟಕಗಳೂ ಆ ಬಂಡಿಯಲ್ಲಿವೆ. ಗಿರೀಶ ಕಾರ್ನಾಡರು 2019ರ ಜೂನಿನಲ್ಲಿ ತೀರಿಕೊಂಡರು. ಅದೇ ವರ್ಷದ ತಿರುಗಾಟ ಅವರ ಕೊನೆಯ ನಾಟಕ 'ರಾಕ್ಷಸ-ತಂಗಡಿ'ಯನ್ನು ಹೊತ್ತು ಹೊರಟಿತು. 1565ರ ಯುದ್ಧ, ಅಳಿಯ ರಾಮರಾಯ, ವಿಜಯನಗರದ ಪತನ. ನಮ್ಮ ಮನೆಯ ದುರಂತವನ್ನೇ ನಮ್ಮ ಮುಂದೆ ಇಟ್ಟ ನಾಟಕ. ಕಾರ್ನಾಡರ ಮನೆಮಾತು ಕೊಂಕಣಿ. ಕೈಲಾಸಂ ಅವರ ಮನೆಮಾತು ತಮಿಳು. ಕನ್ನಡ ರಂಗಭೂಮಿ ಇವರನ್ನು ತನ್ನವರನ್ನಾಗಿ ಮಾಡಿಕೊಂಡಿತು, ಇವರು ಕನ್ನಡವನ್ನು ತಮ್ಮದನ್ನಾಗಿ ಮಾಡಿಕೊಂಡರು. ಕನ್ನಡ ಬೆಳೆಯುವುದು ಹೀಗೆ.

ರಂಗಮಂದಿರವೋ, ಕಲ್ಯಾಣ ಮಂಟಪವೋ?

ಈಗ ಕಹಿ ಮಾತಿಗೆ ಬರೋಣ. ಬಂಡಿ ಊರಿಗೆ ಬಂತು. ಇಳಿಯುವುದು ಎಲ್ಲಿ?

ಸರ್ಕಾರ ಜಿಲ್ಲೆಗೊಂದು ರಂಗಮಂದಿರ, ಅಲ್ಲಲ್ಲಿ ತಾಲ್ಲೂಕಿಗೂ ಒಂದು ಎಂದು ಕಟ್ಟಿಸಿದೆ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹೆಸರುಗಳು ದಪ್ಪ ಅಕ್ಷರದಲ್ಲಿವೆ. ಒಳಗೆ ಹೋಗಿ ನೋಡಿ. ವೇದಿಕೆಯ ಮೇಲೆ ದೀಪ ಕಟ್ಟಲು ಕಂಬಿಯಿಲ್ಲ. ಬಣ್ಣದ ಕೋಣೆಯಲ್ಲಿ ಕನ್ನಡಿಯಿಲ್ಲ, ಹೆಣ್ಣುಮಕ್ಕಳು ಉಡುಪು ಬದಲಿಸಲು ಚಿಲಕವಿರುವ ಬಾಗಿಲಿಲ್ಲ. ಶೌಚಾಲಯಕ್ಕೆ ಬೀಗ. ಮೂರನೇ ಸಾಲಿನಲ್ಲಿ ಕುಳಿತವನಿಗೆ ಮಾತು ಕೇಳಿಸದು, ಪ್ರತಿಧ್ವನಿ ಮಾತ್ರ ಕೇಳಿಸುತ್ತದೆ. ನಾಟಕಕ್ಕೆಂದು ಕಟ್ಟಿದ ಮನೆಯಲ್ಲಿ ನಾಟಕ ಬಿಟ್ಟು ಮಿಕ್ಕೆಲ್ಲ ನಡೆಯುತ್ತದೆ.

ನಮ್ಮ ಸೀಮೆಯ ಒಂದು ಊರಿನಲ್ಲಿ ನಡೆದ ಸಂಗತಿ. ನಾಲ್ಕು ಜನ ಯುವಕರು ಕೈಯಿಂದ ಮುಂಗಡ ಕೊಟ್ಟು ತಿರುಗಾಟದ ಎರಡು ಪ್ರದರ್ಶನ ಒಪ್ಪಿಕೊಂಡರು. ರಂಗಮಂದಿರಕ್ಕೆ ಅರ್ಜಿ ಕೊಟ್ಟು ರಸೀತಿ ತಂದರು. ಟಿಕೆಟ್ಟು, ವಾಲ್‌ಪೋಸ್ಟರು ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದವು. ಇನ್ನು ಮೂರು ದಿನ ಇರುವಾಗ ಕಚೇರಿಯಿಂದ ಫೋನು: 'ಆ ದಿನ ಒಬ್ಬ ದೊಡ್ಡವರ ಮನೆಯ ಆರತಕ್ಷತೆ ಇದೆ, ನೀವು ಬೇರೆ ಕಡೆ ನೋಡ್ಕೊಳ್ಳಿ.' ರಸೀತಿ ತೋರಿಸಿದರೆ ಕೇಳುವವರಿಲ್ಲ. ರಾತ್ರಿ ಕುಳಿತು ಅಷ್ಟೂ ಟಿಕೆಟ್ಟಿನ ಮೇಲೆ ಶಾಲೆಯ ಅಂಗಳದ ವಿಳಾಸವನ್ನು ರಬ್ಬರ್ ಸ್ಟಾಂಪಿನಲ್ಲಿ ಒತ್ತಿದೆವು. ನಾಟಕವೇನೋ ನಡೆಯಿತು. ಬಯಲಲ್ಲಿ, ಇಬ್ಬನಿಯಲ್ಲಿ, ಸೊಗಸಾಗಿ ನಡೆಯಿತು. ಆದರೆ ಆ ಯುವಕರು ಮುಂದಿನ ವರ್ಷ ಮತ್ತೆ ಮುಂದೆ ಬರಲಿಲ್ಲ. ಕನ್ನಡಕ್ಕೆ ನಷ್ಟವಾಗುವುದು ಹೀಗೆ. ಯಾರೂ ಕನ್ನಡಕ್ಕೆ ಬೈಯಲಿಲ್ಲ, ಯಾರೂ ಬಾವುಟ ಸುಡಲಿಲ್ಲ. ಕೆಲಸ ಮಾಡುವ ನಾಲ್ಕು ಜನರ ಉತ್ಸಾಹಕ್ಕೆ ತಣ್ಣೀರು ಹೊಯ್ದರು, ಅಷ್ಟೇ.

ಅಚ್ಚಿನ ಮನೆಯ ಲೆಕ್ಕ

ಪ್ರೆಸ್ಸಿನವನಿಗೆ ಊರಿನ ನಾಡಿ ಸಿಗುತ್ತದೆ. ನಮ್ಮಪ್ಪನ ಕಾಲದಲ್ಲಿ ಮೊಳೆ ಜೋಡಿಸಿ ಟ್ರೆಡಲ್ ಮೆಷಿನ್ನಿನಲ್ಲಿ ನಾಟಕದ ಹ್ಯಾಂಡ್‌ಬಿಲ್ ಹೊಡೆಯುತ್ತಿದ್ದರು. ಕೆಂಪು, ಹಳದಿ, ಹಸಿರು ತೆಳು ಕಾಗದ. ಕಂಪನಿ ನಾಟಕ ಊರಿಗೆ ಬಂದರೆ ಪ್ರೆಸ್ಸಿಗೆ ತಿಂಗಳ ಕೆಲಸ. ಈಗ ಫ್ಲೆಕ್ಸ್ ಬಂತು, ಮೊಬೈಲು ಬಂತು. ಲಗ್ನಪತ್ರಿಕೆ ಕೂಡ ಇಂಗ್ಲಿಷಿನಲ್ಲೇ ಆಗಬೇಕು ಎನ್ನುವ ಗಿರಾಕಿಗಳು ಬಂದರು. ಆದರೂ ಬಾದಾಮಿಯ ಹತ್ತಿರ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ಪ್ರತಿ ವರ್ಷ ಹಲವು ವೃತ್ತಿ ಕಂಪನಿಗಳು ಸಾಲಾಗಿ ಡೇರೆ ಹಾಕುತ್ತವೆ, ಜನ ಟಿಕೆಟ್ಟು ಕೊಂಡು ಒಳಗೆ ಹೋಗುತ್ತಾರೆ. ಕರಾವಳಿಗೆ ಹೋಗಿ ನೋಡಿ. ಕಟೀಲು ಮೇಳದ ಹರಕೆಯಾಟಕ್ಕೆ ಜನ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುತ್ತಾರೆ. ನೋಡುವ ಜನ ಸತ್ತಿಲ್ಲ. ಕರೆಯುವ ಜನ ಕಡಿಮೆಯಾಗಿದ್ದಾರೆ.

ಕರೆಯುವುದಕ್ಕೆ ಎಷ್ಟು ಬೇಕು? ಸಣ್ಣ ಲೆಕ್ಕ ಹಾಕೋಣ. ಮುನ್ನೂರು ಕುರ್ಚಿ, ತಲೆಗೆ 100 ರೂಪಾಯಿ ಎಂದರೆ ಒಂದು ಸಂಜೆಗೆ 30,000 ರೂಪಾಯಿ. ನೂರು ರೂಪಾಯಿಗೆ ಈಗ ಪೇಟೆಯಲ್ಲಿ ಇಬ್ಬರಿಗೆ ಮಸಾಲೆ ದೋಸೆ, ಕಾಫಿ ಬರುವುದಿಲ್ಲ! ತಂಡಕ್ಕೆ ಕೊಡುವ ಸಂಭಾವನೆ, ಊಟ, ವಸತಿಗೆ ಈ ಹಣಕ್ಕೆ ಊರಿನ ನಾಲ್ಕು ಅಂಗಡಿಯವರ ಸಹಾಯ ಸೇರಿದರೆ ಸಾಕು, ಸಾಲವಿಲ್ಲದೆ ನಾಟಕ ಆಗುತ್ತದೆ. ಆದರೆ ಮುನ್ನೂರು ಕುರ್ಚಿಯಲ್ಲಿ ನೂರೈವತ್ತು ಪಾಸಿನವರೇ ಕುಳಿತರೆ? ಆ ಕಚೇರಿಗೆ ಹತ್ತು, ಈ ಮುಖಂಡರಿಗೆ ಇಪ್ಪತ್ತು, ಪತ್ರಕರ್ತರಿಗೆ ಇಷ್ಟು. ಪಾಸು ತೆಗೆದುಕೊಂಡವರು ಬರುವುದೂ ಇಲ್ಲ. ಮುಂದಿನ ಸಾಲು ಖಾಲಿ, ಹಿಂದೆ ಶಾಲಾ ಮಕ್ಕಳು ನಿಂತುಕೊಂಡು ನೋಡುತ್ತಾರೆ. ನಾಚಿಕೆಗೇಡು!

ನಾವು ಮಾಡಬೇಕಾದ್ದು

ಸರ್ಕಾರಕ್ಕೆ ನಮ್ಮ ಒತ್ತಾಯ ಇಷ್ಟು. ಒಂದು, ರಂಗಮಂದಿರದಲ್ಲಿ ನಾಟಕಕ್ಕೇ ಮೊದಲ ಹಕ್ಕು. ನಾಟಕಕ್ಕೆ ಕೊಟ್ಟ ದಿನವನ್ನು ಮದುವೆಗೆ ತಿರುಗಿಸಿದ ಅಧಿಕಾರಿ ಲಿಖಿತ ಉತ್ತರ ಕೊಡಬೇಕು. ಎರಡು, ಸಂಚಾರಿ ತಂಡಗಳಿಗೆ ಬಾಡಿಗೆ ಹೆಸರಿಗೆ ಮಾತ್ರ ಇರಬೇಕು. ಮೂರು, ಪ್ರತಿ ತಾಲ್ಲೂಕಿನ ರಾಜ್ಯೋತ್ಸವದ ಹಣದಲ್ಲಿ ಒಂದು ಕನ್ನಡ ನಾಟಕದ ಪಾಲನ್ನು ಮೊದಲೇ ತೆಗೆದಿಡಬೇಕು. ಆರ್ಕೆಸ್ಟ್ರಾ ಮಿಕ್ಕ ಹಣದಲ್ಲಾಗಲಿ. ನಾಲ್ಕು, ಪ್ರೌಢಶಾಲೆಯ ಪ್ರತಿ ಮಗುವಿಗೂ ವರ್ಷಕ್ಕೊಂದು ನಾಟಕ ತೋರಿಸಬೇಕು.

ಸರ್ಕಾರಕ್ಕೆ ಹೇಳಿ ಕೈ ತೊಳೆದುಕೊಂಡರೆ ಆಗಲಿಲ್ಲ. ನಮ್ಮ ಸಂಘಟನೆಗಳಿಗೂ ಕೆಲಸವಿದೆ. ಪ್ರತಿ ತಾಲ್ಲೂಕು ಶಾಖೆ ಈ ವರ್ಷ ಒಂದು ಪ್ರದರ್ಶನದ ಹೊಣೆ ಹೊರಲಿ. ಹೆಗ್ಗೋಡಿನದಾಗಲಿ, ಸಾಣೇಹಳ್ಳಿಯದಾಗಲಿ, ರಂಗಾಯಣದ್ದಾಗಲಿ, ನಿಮ್ಮ ಊರಿನ ಹವ್ಯಾಸಿ ತಂಡದ್ದಾಗಲಿ. ಪತ್ರ ಬರೆದು ದಿನ ಗೊತ್ತು ಮಾಡಿಕೊಳ್ಳಿ. ರಂಗಮಂದಿರದ ರಸೀತಿಯನ್ನು ಸಂಘಟನೆಯ ಹೆಸರಿನಲ್ಲೇ ಪಡೆಯಿರಿ. ಆಗ ಫೋನು ಮಾಡಿ ದಿನ ಬದಲಿಸುವ ಧೈರ್ಯ ಯಾರಿಗೆ ಬರುತ್ತದೋ ನೋಡೋಣ! ಬಾವುಟ ಕಟ್ಟುವ ಹುಡುಗರೇ ಸಾಮಾನು ಇಳಿಸಲು ಕೈಜೋಡಿಸಲಿ. ಮನೆ ಮನೆಗೆ ಹೋಗಿ ಟಿಕೆಟ್ಟು ಮಾರಲಿ. ಚಂದಾ ಕೇಳುವಾಗ ಬಾಗಿಲು ಮುಚ್ಚುವ ಜನ ಟಿಕೆಟ್ಟು ಕೊಟ್ಟರೆ ತೆರೆಯುತ್ತಾರೆ, ಯಾಕೆಂದರೆ ಅವರ ಕೈಗೆ ಏನೋ ಒಂದು ಸಿಗುತ್ತದೆ.

ಗಡಿಯ ಶಾಖೆಗಳಿಗೆ ವಿಶೇಷ ಮಾತು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ತಾಳವಾಡಿ. ಅಲ್ಲಿಯ ಕನ್ನಡಿಗರ ಬಗ್ಗೆ ನಾವು ಇಲ್ಲಿ ಕುಳಿತು ನಿರ್ಣಯ ಮಾಡುತ್ತೇವೆ, ಮನವಿ ಕೊಡುತ್ತೇವೆ. ಅಲ್ಲಿಯ ಕನ್ನಡ ಶಾಲೆಯ ಅಂಗಳಕ್ಕೆ ಒಂದು ಕನ್ನಡ ನಾಟಕವನ್ನು ನಮ್ಮ ಖರ್ಚಿನಲ್ಲಿ ಕಳಿಸೋಣ. ಒಂದು ಸಂಜೆ ಆ ಮಕ್ಕಳು ತಮ್ಮ ಮನೆಯ ಮಾತನ್ನು ರಂಗದ ಮೇಲೆ, ಬೆಳಕಿನಲ್ಲಿ, ರಾಜ ರಾಣಿಯರ ಬಾಯಲ್ಲಿ ಕೇಳಲಿ. ಶಾಂತಕವಿ ಗದುಗಿನಲ್ಲಿ ಮಾಡಿದ್ದು ಇದನ್ನೇ. ಬಾಳಪ್ಪನವರು ಬೆಳಗಾವಿಯಲ್ಲಿ ಮಾಡಿದ್ದು ಇದನ್ನೇ.

ಓದುಗರೇ, ನಿಮಗೂ ಒಂದು ಕೆಲಸ. ನಿಮ್ಮ ಊರಿನ ಗೋಡೆಯ ಮೇಲೆ ನಾಟಕದ ಪೋಸ್ಟರು ಕಂಡರೆ ಓದಿ ಮುಂದೆ ಹೋಗಬೇಡಿ. ಹೆಂಡತಿ ಮಕ್ಕಳನ್ನು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ. ದುಡ್ಡು ಕೊಟ್ಟು ಟಿಕೆಟ್ಟು ಕೊಳ್ಳಿ. ಆಟ ಮುಗಿದ ಮೇಲೆ ಐದು ನಿಮಿಷ ನಿಂತು, ಬೆವರಿನಲ್ಲಿ ಬಣ್ಣ ಇಳಿಯುತ್ತಿರುವ ಆ ಮಕ್ಕಳಿಗೆ 'ಚೆನ್ನಾಗಿತ್ತಪ್ಪಾ, ಮುಂದಿನ ವರ್ಷವೂ ಬನ್ನಿ' ಎಂದು ಹೇಳಿ ಬನ್ನಿ. ಜನ ಬಂದು ಕೂರುವ ಊರಿಗೆ ಆ ಬಂಡಿ ಮತ್ತೆ ಬರುತ್ತದೆ. ಖಾಲಿ ಕುರ್ಚಿ ಕಂಡ ಊರಿನ ದಾರಿಯನ್ನು ಬಿಟ್ಟುಬಿಡುತ್ತದೆ. ಯಾವ ಊರಾಗಬೇಕೆಂದು ನೀವೇ ತೀರ್ಮಾನಿಸಿ!